ಹದಿನೇಳನೇ ಬೆಡ್ಡಿನ ಡೈರೆಕ್ಟರಿ

ಪ್ರೋಗ್ರಾಮಿನ ಆ ಫಂಕ್ಷನ್ ನಲವತ್ತು ಸಾಲೂ ಇರಲಿಲ್ಲ. ಅದನ್ನು ಬರೆದು ಮುಗಿಸಿದ ಮಧ್ಯಾಹ್ನ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ, ಯಾಕೆಂದರೆ ತಟ್ಟಲು ಆ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಒಂದು ಟ್ರಸ್ಟ್ ಆಸ್ಪತ್ರೆಯ ಮೆಟ್ಟಿಲ ಕೆಳಗಿನ ಕೋಣೆ ಅದು. ಮೊದಲು ಅಲ್ಲಿ ಸ್ಟ್ರೆಚರ್ ಇಡುತ್ತಿದ್ದರಂತೆ. ಈಗ ಯುನಿಕ್ಸ್ ಓಡುವ ಒಂದು ಕಂಪ್ಯೂಟರ್ ಮಷೀನು, ಒಂದು ಟರ್ಮಿನಲ್, ಒಂದು ಏಸಿ ಮತ್ತು ನಾನು. ಏಸಿ ಇದ್ದದ್ದು ಮಷೀನಿಗೆ, ನನಗಲ್ಲ. ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದೆ. ಮುಂಬಯಿಯಲ್ಲಿ ಸ್ವೆಟರ್ ಹಿಡಿದುಕೊಂಡು ಬಸ್ ಹತ್ತುವ ಹೆಂಗಸನ್ನು ಜನ ಒಂದು ಥರ ನೋಡುತ್ತಿದ್ದರು.

ತೊಂಬತ್ತರ ದಶಕದ ಮೊದಲ ವರ್ಷಗಳು. ನಮ್ಮ ಕಂಪನಿ ದಾದರಿನಲ್ಲಿ ಒಂದು ಸೀರೆ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಆಸ್ಪತ್ರೆಯ ಲ್ಯಾಬಿನಲ್ಲಿ ಟೈಪ್ ಮಾಡಿದ ರಕ್ತ, ಮೂತ್ರದ ರಿಪೋರ್ಟು ತಾನಾಗಿ ಆಯಾ ರೋಗಿಯ ದಾಖಲೆಗೆ ಸೇರಬೇಕು, ವಾರ್ಡಿನ ಪ್ರಿಂಟರಿನಲ್ಲಿ ಅಚ್ಚಾಗಬೇಕು. ಅಷ್ಟೇ ಕೆಲಸ. ಪ್ರೋಗ್ರಾಮನ್ನು ನಮ್ಮ ಆಫೀಸಿನ ಹೊಸ ಮಷೀನಿನಲ್ಲಿ ಸಿ ಭಾಷೆಯಲ್ಲಿ ಬರೆದಿದ್ದೆವು. ಆಸ್ಪತ್ರೆ ಕೊಂಡಿದ್ದ ಮಷೀನು ಒಂದು ತಲೆಮಾರು ಹಳೆಯದು. ಇಲ್ಲಿ ಓಡಿದ್ದು ಅಲ್ಲಿಯೂ ಓಡುವಂತೆ ಮಾಡಿ ಬಾ ಎಂದು ಬಾಸ್ ನನ್ನನ್ನು ಕಳಿಸಿದರು. ಎರಡು ವಾರ ಎಂದಿದ್ದರು.

ಪ್ರೋಗ್ರಾಮು ಯಾವಾಗಲೂ ಫೈಲುಗಳನ್ನಿಡುವ ಯಾವುದಾದರೂ ಒಂದು ಡೈರೆಕ್ಟರಿಯಲ್ಲಿ ನಿಂತಿರುತ್ತದೆ. ಬರೀ ಹೆಸರು ಹೇಳಿ ಫೈಲು ತೆರೆ ಎಂದರೆ ನಿಂತಲ್ಲೇ ಹುಡುಕುತ್ತದೆ. ಬೇರೆ ಡೈರೆಕ್ಟರಿಯ ಫೈಲು ಬೇಕಾದರೆ ಅಲ್ಲಿಗೆ ಹೋಗಿ, ತೆರೆದು, ಹಿಂತಿರುಗಬೇಕು. ನಮ್ಮ ಹೊಸ ಮಷೀನಿನಲ್ಲಿ ಇದಕ್ಕೊಂದು ಒಳ್ಳೆಯ ಅನುಕೂಲವಿತ್ತು. ಡೈರೆಕ್ಟರಿಯನ್ನೇ ಒಮ್ಮೆ ತೆರೆದಿಟ್ಟುಕೊಂಡರೆ ಕೈಗೊಂದು ಸಂಖ್ಯೆ ಸಿಗುತ್ತಿತ್ತು. ಆ ಸಂಖ್ಯೆಯನ್ನು fchdir ಎಂಬ ಕರೆಗೆ ಕೊಟ್ಟರೆ ಸೀದಾ ಅಲ್ಲಿಗೇ ಹೋಗಬಹುದು. ನಡುವೆ ಯಾರಾದರೂ ಆ ಡೈರೆಕ್ಟರಿಯ ಹೆಸರು ಬದಲಿಸಿದರೂ, ಬೇರೆ ಕಡೆಗೆ ಸರಿಸಿದರೂ, ಸಂಖ್ಯೆ ಹಿಡಿದುಕೊಂಡಿರುವುದು ಅದೇ ಡೈರೆಕ್ಟರಿಯನ್ನು. ಆಸ್ಪತ್ರೆಯ ಮಷೀನಿನಲ್ಲಿ ಆ ಕರೆ ಇರಲೇ ಇಲ್ಲ. ಪ್ರೋಗ್ರಾಮನ್ನು ಆ ಮಷೀನಿಗೆ ಅರ್ಥವಾಗುವಂತೆ ಕಂಪೈಲ್ ಮಾಡಿದ ಮೊದಲ ದಿನವೇ fchdir ಗೊತ್ತಿಲ್ಲ ಎಂದು ಅದು ಹನ್ನೊಂದು ಕಡೆ ದೂರು ಕೊಟ್ಟಿತು.

ಅದಕ್ಕೆ ನಾನು ಮಾಡಿದ ಬದಲಿ ವ್ಯವಸ್ಥೆ ಈ ನಲವತ್ತು ಸಾಲು. ಹೊಸ ಮಷೀನಾದರೆ ನಿಜವಾದ fchdir. ಹಳೆಯದಾದರೆ ಒಂದು ಚಿಕ್ಕ ಪಟ್ಟಿ: ಡೈರೆಕ್ಟರಿಯನ್ನು ತೆರೆದಿಟ್ಟುಕೊಳ್ಳುವ ಬದಲು ಅದರ ಪೂರ್ತಿ ಹೆಸರನ್ನು ಬರೆದಿಟ್ಟುಕೊಳ್ಳುವುದು. ಬೇಕಾದಾಗ ಆ ಹೆಸರು ಹಿಡಿದು ಹೋಗಿ, ಫೈಲು ತೆರೆದು, ಬಂದ ಜಾಗದ ಹೆಸರು ಹಿಡಿದು ವಾಪಸ್ ಬರುವುದು. ಉಳಿದ ಪ್ರೋಗ್ರಾಮಿಗೆ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಎರಡೂ ಮಷೀನಿಗೆ ನಾವು ಬರೆದ ಒಂದೇ ಸೋರ್ಸ್ ಕೋಡ್. ಇದರ ಅಂದಕ್ಕೆ ನಾನೇ ಮರುಳಾಗಿದ್ದೆ.

ಮೊದಲು ಬಹಳ ನಿಧಾನವಾಗಿ ಓಡಿತು. ನಾನೆಲ್ಲಿ ನಿಂತಿದ್ದೇನೆ ಎಂದು ಕೇಳುವ getcwd ಆ ಮಷೀನಿನಲ್ಲಿ ಪ್ರತಿ ಸಲವೂ pwd ಎಂಬ ಇನ್ನೊಂದು ಪ್ರೋಗ್ರಾಮನ್ನೇ ಎಬ್ಬಿಸಿ ಕೇಳುತ್ತಿತ್ತು. ಒಂದು ರಿಪೋರ್ಟಿಗೆ ಮೂರು ಫೈಲು, ಮೂರು ಸಲ ಎಬ್ಬಿಸುವುದು. ಲ್ಯಾಬಿನವರು ಕಾದು ಕಾದು ಮೂಗು ಮುರಿದರು. ಪ್ರೋಗ್ರಾಮು ಯಾವಾಗಲೂ ಲ್ಯಾಬಿನ ಡೈರೆಕ್ಟರಿಯಲ್ಲೇ ನಿಂತಿರುತ್ತದಲ್ಲ, ಅದರ ಹೆಸರನ್ನು ಶುರುವಿನಲ್ಲಿ ಒಂದೇ ಸಲ ಕೇಳಿ ಇಟ್ಟುಕೊಂಡೆ. ವೇಗ ಬಂತು. ಹೊಗಳಲು ಯಾರೂ ಬರಲಿಲ್ಲ, ಬೈಯುವವರು ಮಾತ್ರ ನಿಲ್ಲಿಸಿದರು.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ರೋಗಿಗಳ ಡೈರೆಕ್ಟರಿಗೆ ಕೇಸ್ ನಂಬರನ್ನೇ ಹೆಸರಿಡಬೇಕು ಎಂದು ನಾನು ಶುರುವಿನಲ್ಲಿ ಹೇಳಿದ್ದೆ. ವಾರ್ಡಿನವರು ಒಪ್ಪಲಿಲ್ಲ. ಅಲ್ಲಿ ಯಾರೂ ರೋಗಿಯನ್ನು ಹೆಸರಿನಿಂದಲೋ ಕೇಸ್ ನಂಬರಿನಿಂದಲೋ ಕರೆಯುವುದಿಲ್ಲ. ಹದಿನೇಳಕ್ಕೆ ಸಲೈನ್ ಹಾಕಿ, ಹದಿನೇಳು ಊಟ ಮಾಡಿಲ್ಲ, ಹದಿನೇಳರ ಮಗ ಬಂದಿದ್ದಾನೆ. ಎಲ್ಲವೂ ಬೆಡ್ ನಂಬರು. ಹಾಗಾಗಿ ಡೈರೆಕ್ಟರಿಗೂ ಬೆಡ್ ನಂಬರನ್ನೇ ಇಟ್ಟೆವು. ರೋಗಿ ಮನೆಗೆ ಹೊರಟಾಗ ವಾರ್ಡಿನ ಕ್ಲರ್ಕ್ ಆ ಡೈರೆಕ್ಟರಿಯ ಹೆಸರನ್ನು ಕೇಸ್ ನಂಬರಿಗೆ ಬದಲಿಸಿ ಹಳೆಯ ದಾಖಲೆಗಳಿಗೆ ಸೇರಿಸಬೇಕು, ಅದೇ ಬೆಡ್ ನಂಬರಿನಲ್ಲಿ ಹೊಸ ಖಾಲಿ ಡೈರೆಕ್ಟರಿ ಮಾಡಬೇಕು. ಅವರ ರೂಢಿಗೆ ತಕ್ಕಂತೆ ಕಂಪ್ಯೂಟರು ನಡೆಯಬೇಕೇ ಹೊರತು ಕಂಪ್ಯೂಟರಿಗೆ ತಕ್ಕಂತೆ ಅವರಲ್ಲ ಎಂದು ಆಗ ನಾನೇ ದೊಡ್ಡದಾಗಿ ಮಾತನಾಡಿದ್ದೆ.

ಮೂರು ವಾರ ಎಲ್ಲ ಸರಿಯಾಗಿ ನಡೆಯಿತು. ಕೆಲಸ ಒಪ್ಪಿಕೊಂಡಿದ್ದೇವೆ ಎಂಬ ಪತ್ರಕ್ಕೆ ಆಸ್ಪತ್ರೆಯ ಸಹಿ ಬಿದ್ದರೆ ನಾನು ದಾದರಿಗೆ ಹಿಂತಿರುಗಬಹುದಿತ್ತು. ಅಲ್ಲಾದರೂ ಎದುರು ಮೇಜಿನಲ್ಲಿ ಒಬ್ಬ ಮನುಷ್ಯ ಇರುತ್ತಿದ್ದ. ಇಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ಹಾಕಿಕೊಂಡರೆ ಸಂಜೆ ಆರಕ್ಕೆ ತೆರೆಯುವುದು. ಸಯನ್‌ನ ಹಾಸ್ಟೆಲಿನಲ್ಲಿ ನನ್ನ ಕೋಣೆಯ ಇಬ್ಬರೂ ಪಾಳಿಯ ಕೆಲಸದವರು. ನಾನು ಬಂದಾಗ ಒಬ್ಬಳು ಹೊರಟಿರುತ್ತಿದ್ದಳು, ಇನ್ನೊಬ್ಬಳು ಮಲಗಿರುತ್ತಿದ್ದಳು. ಮೈಸೂರಿನಿಂದ ಬಂದು ಐದು ವರ್ಷವಾಗಿತ್ತು. ಒಂದು ವಾರದಲ್ಲಿ ನಾನು ಆಡಿದ ಕನ್ನಡ ಮಾತುಗಳನ್ನು ಒಂದು ಪೋಸ್ಟ್‌ಕಾರ್ಡಿನಲ್ಲಿ ಬರೆಯಬಹುದಿತ್ತು. ಆಗ ಅದನ್ನು ಒಪ್ಪಿಕೊಳ್ಳುತ್ತಿರಲಿಲ್ಲ. ಈಗ ಹೇಳುತ್ತೇನೆ, ನನಗೆ ಬಹಳ ಒಂಟಿ ಅನ್ನಿಸುತ್ತಿತ್ತು.

ನಾಲ್ಕನೇ ವಾರದ ಮಂಗಳವಾರ ಮಧ್ಯಾಹ್ನ ಹೆಂಗಸರ ವಾರ್ಡಿನ ಸಿಸ್ಟರ್ ಬಾಗಿಲು ತಟ್ಟಿದರು. ಉಡುಪಿ ಕಡೆಯವರು, ಐವತ್ತರ ಹತ್ತಿರ. ಅವರ ಕೈಯಲ್ಲಿ ನಮ್ಮ ಪ್ರಿಂಟರಿನ ಚೀಟಿ ಇತ್ತು. ಹದಿನೇಳನೇ ಬೆಡ್ಡಿನ ಅಜ್ಜಿಯ ಹೆಸರು, ಕೆಳಗೆ ಸಕ್ಕರೆಯ ಪ್ರಮಾಣ, ತುಂಬಾ ಹೆಚ್ಚು. ಇನ್ಸುಲಿನ್ ಕೊಡಲು ಸಿರಿಂಜ್ ತೆಗೆದಿದ್ದರಂತೆ.

“ಈ ಅಜ್ಜಿ ಬಂದು ಅರ್ಧ ಗಂಟೆ ಆಗ್ಲಿಲ್ಲ. ರಕ್ತವೇ ಇನ್ನೂ ತೆಗೀಲಿಲ್ಲ ಮಾರಾಯ್ರೆ,” ಎಂದರು. “ರಿಪೋರ್ಟ್ ಎಲ್ಲಿಂದ ಬಂತು?”

ಲ್ಯಾಬಿನಲ್ಲಿ ಬೆಡ್ ನಂಬರ್ ತಪ್ಪಾಗಿ ಟೈಪ್ ಮಾಡಿರಬಹುದು ಎಂದೆ. ಹಾಗೆ ಹೇಳಿದ ಕೂಡಲೇ ನನಗೇ ನಾಚಿಕೆಯಾಯಿತು, ಯಾಕೆಂದರೆ ಅಂಥ ತಪ್ಪನ್ನು ಹಿಡಿಯುವುದಕ್ಕಾಗಿಯೇ ಪ್ರೋಗ್ರಾಮು ಮೊದಲು ಬೆಡ್ಡಿನ ಡೈರೆಕ್ಟರಿಯಲ್ಲಿರುವ ಕೇಸ್ ನಂಬರನ್ನು ಲ್ಯಾಬಿನ ಕೇಸ್ ನಂಬರಿನ ಜೊತೆ ಹೋಲಿಸಿ ನೋಡುತ್ತಿತ್ತು. ಹೊಂದದಿದ್ದರೆ ಮುಂದೆ ಹೋಗುತ್ತಲೇ ಇರಲಿಲ್ಲ. ಇದು ಹೊಂದಿದೆ ಎಂದು ಪ್ರೋಗ್ರಾಮು ಬರೆದಿಡುವ ಲಾಗ್ ಹೇಳುತ್ತಿತ್ತು. ಸಿಸ್ಟರ್ ಚೀಟಿಯನ್ನು ನನ್ನ ಮೇಜಿನ ಮೇಲಿಟ್ಟು ಹೋದರು. ಅವರು ಬೈದಿದ್ದರೆ ಒಳ್ಳೆಯದಿತ್ತು.

ಆ ಸಂಜೆ ಬಾಸ್‌ಗೆ ಫೋನು ಮಾಡಿದೆ. ಟೈಪಿಂಗ್ ತಪ್ಪು, ಬರೆದು ಮುಚ್ಚಿಬಿಡು ಎಂದರು. ಆಸ್ಪತ್ರೆಯ ಆಡಳಿತ ನೋಡಿಕೊಳ್ಳುವ ಡಾಕ್ಟರ್, ಆರ್‌ಎಂಓ ಕೂಡ ಅದನ್ನೇ ಹೇಳಿದರು. ಲ್ಯಾಬಿನಲ್ಲಿ ಟೈಪ್ ಮಾಡಿದ ಹೆಂಗಸಿಗೆ ಎಚ್ಚರಿಕೆ ಕೊಟ್ಟರು. ಅವಳು ಅತ್ತಳಂತೆ. ತಪ್ಪು ಅವಳದಲ್ಲ ಎಂದು ನನಗೆ ಒಳಗೊಳಗೇ ಗೊತ್ತಿತ್ತು, ಆದರೆ ಯಾರದು ಎಂದು ತೋರಿಸಲು ನನ್ನ ಕೈಯಲ್ಲಿ ಏನೂ ಇರಲಿಲ್ಲ. ಹಾಗಾಗಿ ಸುಮ್ಮನಿದ್ದೆ. ಅದಕ್ಕೆ ಈಗಲೂ ನನ್ನ ಮೇಲೆ ಸಿಟ್ಟಿದೆ.

ಮರುದಿನದಿಂದ ಹುಡುಕಾಟ. ತೊಂಬತ್ತೊಂಬತ್ತನೇ ವಾರ್ಡು ಎಂಬ ಸುಳ್ಳು ವಾರ್ಡನ್ನು ಮಾಡಿ, ಇಪ್ಪತ್ತು ಬೆಡ್ಡಿಗೆ ಇಪ್ಪತ್ತು ಸುಳ್ಳು ರೋಗಿಗಳನ್ನು ಹಾಕಿದೆ. ಹೆಸರುಗಳಿಗೆ ತಲೆ ಓಡದೆ ನನ್ನ ಹೈಸ್ಕೂಲಿನ ಹಾಜರಿ ಪಟ್ಟಿಯನ್ನು ನೆನಪಿಸಿಕೊಂಡು ಇಟ್ಟೆ. ಅವರ ಹೆಸರಿಗೆ ನೂರಾರು ರಿಪೋರ್ಟು ಕಳಿಸಿದೆ. ಒಂದೂ ತಪ್ಪಲಿಲ್ಲ. ಮಷೀನ್ ಮಾರಿದ ಕಂಪನಿಯ ಎಂಜಿನಿಯರಿಗೆ ಫೋನು ಮಾಡಿದರೆ ಆತ ಮ್ಯಾನ್ಯುಯಲ್ ಓದಿ ಹೇಳಿದ. ಅದೇ ಮ್ಯಾನ್ಯುಯಲ್ ನನ್ನ ತೊಡೆಯ ಮೇಲಿತ್ತು, ಅದೇ ಪುಟ ತೆರೆದಿತ್ತು. ಭಾನುವಾರವೂ ಬಂದೆ. ವಾಚ್‌ಮನ್ ಬಿಟ್ಟರೆ ನನ್ನ ಜೊತೆ ಮಾತನಾಡಿದವರಿಲ್ಲ. ಪರದೆಯ ಮೇಲೆ ನನ್ನ ಹಳೆಯ ಸಹಪಾಠಿಗಳ ಹೀಮೋಗ್ಲೋಬಿನ್ ಓದುತ್ತಾ ಕುಳಿತಿದ್ದೆ. ಯಾರು ಎಲ್ಲಿದ್ದಾರೋ ಎಂದುಕೊಂಡು ಅಲ್ಲಿಯೇ ಕಣ್ಣಲ್ಲಿ ನೀರು ಬಂತು.

ಸುಳ್ಳು ವಾರ್ಡಿನಲ್ಲಿ ತಪ್ಪು ಯಾಕೆ ಆಗುತ್ತಿಲ್ಲ ಎಂಬ ಪ್ರಶ್ನೆಗೆ ಉತ್ತರ ಕೋಣೆಯ ಹೊರಗಿತ್ತು. ಮುಂದಿನ ವಾರದ ಬುಧವಾರ ಮಧ್ಯಾಹ್ನ ಬೇಸತ್ತು ಹೆಂಗಸರ ವಾರ್ಡಿಗೇ ಹೋಗಿ ಕ್ಲರ್ಕ್ ಪಕ್ಕ ಸ್ಟೂಲ್ ಹಾಕಿಕೊಂಡು ಕುಳಿತೆ. ಒಂದು ಗಂಟೆಗೆ ಅವರಿಗೆ ಊಟ. ಊಟಕ್ಕೆ ಮುಂಚೆ ಆ ದಿನದ ಡಿಸ್ಚಾರ್ಜ್‌ಗಳನ್ನೆಲ್ಲ ಒಂದೇ ಉಸಿರಿನಲ್ಲಿ ಮುಗಿಸುವುದು ಅವರ ಪದ್ಧತಿ. ಮುಂಬಯಿಯ ಆಸ್ಪತ್ರೆಯಲ್ಲಿ ಬೆಡ್ ಖಾಲಿ ಇರುವುದಿಲ್ಲ. ಒಬ್ಬರು ಏಳುವಷ್ಟರಲ್ಲಿ ಇನ್ನೊಬ್ಬರ ಚೀಲ ಅಲ್ಲಿರುತ್ತದೆ. ಕ್ಲರ್ಕ್ ನಾಲ್ಕನೇ ಬೆಡ್ಡಿನ ಹಳೆಯ ರೋಗಿಯನ್ನು ಸರಿಸಿ, ಹೊಸ ಡೈರೆಕ್ಟರಿ ಮಾಡಿ, ಹೊಸ ಹೆಸರು ತುಂಬಿದರು. ಲ್ಯಾಬಿನವರೂ ಊಟಕ್ಕೆ ಏಳುವ ಮುಂಚೆ ಬೆಳಗಿನ ರಿಪೋರ್ಟುಗಳನ್ನೆಲ್ಲ ಆಗಲೇ ಕಳಿಸುತ್ತಿದ್ದರು. ವಾರ್ಡಿನ ಪ್ರಿಂಟರಿನಲ್ಲಿ ಕಾಗದ ಮುಗಿದು ಕೆಂಪು ದೀಪ ಉರಿಯುತ್ತಿತ್ತು. ಊಟ ಮುಗಿಸಿ ಬಂದು ಕಾಗದ ಹಾಕುತ್ತೇನೆ ಎಂದು ಕ್ಲರ್ಕ್ ಡಬ್ಬಿ ಹಿಡಿದುಕೊಂಡು ಎದ್ದರು.

ನಾನು ಆ ಕೆಂಪು ದೀಪವನ್ನು ನೋಡುತ್ತಾ ಕುಳಿತೆ. ನನ್ನ ಪ್ರೋಗ್ರಾಮು ಕೆಳಗೆ ಆ ದೀಪ ಆರುವುದನ್ನೇ ಕಾಯುತ್ತಿತ್ತು. ಕೇಸ್ ನಂಬರ್ ಹೋಲಿಸುವುದು ಕಾಯುವುದಕ್ಕೆ ಮೊದಲು. ರೋಗಿಯ ಹೆಸರು ಓದುವುದು, ರಿಪೋರ್ಟು ಬರೆದು ಅಚ್ಚು ಮಾಡುವುದು ಕಾದ ನಂತರ. ಮೊದಲ ಸಲ ಹದಿನೇಳು ಎಂದು ಹೋದಾಗ ಅಲ್ಲಿದ್ದವರು ಒಬ್ಬರು. ಎರಡನೇ ಸಲ ಹದಿನೇಳು ಎಂದು ಹೋದಾಗ ಇನ್ನೊಬ್ಬರು. ನನ್ನ ಸುಳ್ಳು ವಾರ್ಡಿನಲ್ಲಿ ಯಾರೂ ಮನೆಗೆ ಹೋಗುತ್ತಲೇ ಇರಲಿಲ್ಲ.

ಓಡಿಹೋಗಿ ಡೈರೆಕ್ಟರಿಗಳ ಪಟ್ಟಿಯನ್ನು ಐನೋಡ್ ನಂಬರ್ ಸಮೇತ ತೆಗೆದೆ. ಹೆಸರು ಏನೇ ಇರಲಿ, ಪ್ರತಿ ಡೈರೆಕ್ಟರಿಗೂ ಮಷೀನು ಕೊಟ್ಟುಕೊಂಡಿರುವ ಒಳಗಿನ ಸಂಖ್ಯೆ ಅದು. ಬೆಳಿಗ್ಗೆ ತೆಗೆದ ಪಟ್ಟಿಯಲ್ಲಿ ನಾಲ್ಕನೇ ಬೆಡ್ಡಿಗೆ ಒಂದು ಸಂಖ್ಯೆ, ಈಗ ಬೇರೊಂದು. ಬೆಳಗಿನ ಸಂಖ್ಯೆ ಹಳೆಯ ದಾಖಲೆಗಳಲ್ಲಿ ಕೇಸ್ ನಂಬರ್ ಹೊತ್ತು ಕುಳಿತಿತ್ತು. ಆಫೀಸಿನ ಮಷೀನಿನಲ್ಲಿ ಆಗಿದ್ದರೆ ಪ್ರೋಗ್ರಾಮಿನ ಕೈಯಲ್ಲಿ ಆ ಡೈರೆಕ್ಟರಿಯೇ ಇರುತ್ತಿತ್ತು, ರಿಪೋರ್ಟು ಅದರ ಹಿಂದೆಯೇ ಹೋಗಿ ಸರಿಯಾದವರಿಗೆ ಸೇರುತ್ತಿತ್ತು. ಇಲ್ಲಿ ಅದರ ಕೈಯಲ್ಲಿದ್ದದ್ದು ನಾನು ಬರೆದುಕೊಟ್ಟ ಹೆಸರು ಮಾತ್ರ. ಮನುಷ್ಯರನ್ನು ಹಿಡಿದುಕೊಳ್ಳಬೇಕಾದ ಕಡೆ ನಾನು ಬೆಡ್ಡನ್ನು ಹಿಡಿದುಕೊಂಡಿದ್ದೆ. ನನ್ನ ಮುಖದ ನೀರಿಳಿದು ಹೋಯಿತು.

ತಿದ್ದುವುದು ಸುಲಭವಿರಲಿಲ್ಲ. ಅಚ್ಚು ಮಾಡುವ ಮೊದಲು ಇನ್ನೊಮ್ಮೆ ಕೇಸ್ ನಂಬರ್ ನೋಡುವಂತೆ ಮಾಡಿದೆ. ಅಪಾಯ ಅರ್ಧ ಗಂಟೆಯಿಂದ ಒಂದು ಕ್ಷಣಕ್ಕೆ ಇಳಿಯಿತು, ಆದರೆ ಹೋಗಲಿಲ್ಲ. ನೋಡಿದ್ದಕ್ಕೂ ಬರೆಯುವುದಕ್ಕೂ ನಡುವೆ ಮತ್ತೆ ಹೆಸರು ಹಿಡಿದು ಹೋಗಬೇಕಲ್ಲ. ಆಮೇಲೆ ಪ್ರೋಗ್ರಾಮು ಬೆಡ್ಡಿನಲ್ಲಿ ಕೆಲಸ ಮಾಡುವಾಗ ಒಂದು ಬೀಗದ ಫೈಲು ಇಟ್ಟು, ಅಲ್ಲಿಯವರೆಗೆ ಡಿಸ್ಚಾರ್ಜ್ ಆಗದಂತೆ ಮಾಡಿದೆ. ಮರುದಿನ ಕಾಗದವಿಲ್ಲದ ಪ್ರಿಂಟರಿನ ದೆಸೆಯಿಂದ ನಾಲ್ಕು ಬೆಡ್ಡುಗಳ ಡಿಸ್ಚಾರ್ಜ್ ನಿಂತುಹೋಯಿತು. ಹೊರಟ ರೋಗಿಗಳು, ಬಂದ ರೋಗಿಗಳು, ಎರಡೂ ಕಡೆಯ ನೆಂಟರು ವರಾಂಡದಲ್ಲಿ ನಿಂತು ಕ್ಲರ್ಕ್ ಮೇಲೆ ಹರಿಹಾಯ್ದರು. ಕ್ಲರ್ಕ್ ನನ್ನ ಮೇಲೆ ಹರಿಹಾಯ್ದರು. ಬೀಗ ತೆಗೆದೆ.

ಆ ಹಳೆಯ ಮಷೀನಿನಲ್ಲಿ ಡೈರೆಕ್ಟರಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುವ ದಾರಿ ಒಂದೇ ಇತ್ತು: ಅದರೊಳಗೆ ಹೋಗಿ ನಿಲ್ಲುವುದು. ಒಳಗೆ ನಿಂತಿರುವಾಗ ಯಾರು ಹೆಸರು ಬದಲಿಸಿದರೂ ನಾವು ನಿಂತದ್ದು ಅದೇ ಜಾಗದಲ್ಲಿ. ತೊಂದರೆಯೆಲ್ಲ ಹೊರಗೆ ಬಂದು ಮತ್ತೆ ಹೋಗುವುದರಿಂದ. ನಾನು ಮಾತ್ರ ಇಷ್ಟು ವಾರ ಹೋಗಿ ಬರುವುದನ್ನು ಹೇಗೆ ಚೆಂದ ಮಾಡಲಿ ಎಂದು ತಲೆ ಕೆಡಿಸಿಕೊಂಡಿದ್ದೆ. ಬರುವುದೇ ಬೇಡ ಎಂದು ಹೊಳೆದದ್ದು ಶುಕ್ರವಾರ ಬೆಳಿಗ್ಗೆ, ಬಸ್ಸಿನಲ್ಲಿ, ನಿಂತುಕೊಂಡಿದ್ದಾಗ.

ಪ್ರೋಗ್ರಾಮು ಲ್ಯಾಬಿನಿಂದ ಕದಲುವುದಿಲ್ಲ. ಪ್ರತಿ ರಿಪೋರ್ಟಿಗೂ fork ಮಾಡಿ ತನ್ನದೇ ಒಂದು ನಕಲನ್ನು ಹುಟ್ಟಿಸುತ್ತದೆ. ತೆರೆದ ಲ್ಯಾಬ್ ಫೈಲು ನಕಲಿನ ಕೈಗೂ ಬಂದಿರುತ್ತದೆ. ಅದು ಒಂದೇ ಸಲ ಬೆಡ್ಡಿನ ಡೈರೆಕ್ಟರಿಗೆ ಹೋಗುತ್ತದೆ, ಅಲ್ಲಿ ನಿಂತೇ ಕೇಸ್ ನಂಬರ್ ನೋಡುತ್ತದೆ, ಅಲ್ಲಿ ನಿಂತೇ ಪ್ರಿಂಟರಿಗೆ ಕಾಯುತ್ತದೆ, ಅಲ್ಲಿಯೇ ಹೆಸರು ಓದಿ ಬರೆದು ಅಚ್ಚು ಮಾಡಿ ಮುಗಿದುಹೋಗುತ್ತದೆ. ಹಿಂತಿರುಗುವ ಮಾತೇ ಇಲ್ಲ. ಯಾವ ಹೆಜ್ಜೆಯಲ್ಲಾದರೂ ಹೊಂದದಿದ್ದರೆ ಎಚ್ಚರಿಕೆ ಕೊಟ್ಟು ಮುಂದುವರಿಯುವುದೂ ಇಲ್ಲ. ಎಲ್ಲ ನಿಲ್ಲುತ್ತದೆ, ಮನುಷ್ಯರು ಬಂದು ನೋಡುವವರೆಗೆ. ಪ್ರಿಂಟರ್ ಕೆಂಪಿರುವಾಗಲೇ ಡಿಸ್ಚಾರ್ಜ್ ಮಾಡಿಸಿ, ಆಮೇಲೆ ಕಾಗದ ಹಾಕಿಸಿ ನೋಡಿದೆ. ಹೊರಟುಹೋದವರ ರಿಪೋರ್ಟು ಅವರ ಹಿಂದೆಯೇ ಹಳೆಯ ದಾಖಲೆಗೆ ಸೇರಿತ್ತು.

ಆ ಸಂಜೆ ದಾದರಿನ ಆಫೀಸಿಗೆ ಹೋಗಿ ಬಾಸ್‌ಗೆ ಎಲ್ಲ ಹೇಳಿದೆ. ತಿದ್ದಿದ್ದು ಒಳ್ಳೆಯದಾಯಿತು ಎಂದರು. ಹೊಂದದಿದ್ದಾಗ ಎಲ್ಲ ನಿಲ್ಲುವುದನ್ನು ಮಾತ್ರ ತೆಗೆದುಬಿಡು, ನಿಲ್ಲುವ ಪ್ರೋಗ್ರಾಮನ್ನು ಯಾರೂ ಒಪ್ಪಿ ಸಹಿ ಹಾಕುವುದಿಲ್ಲ ಎಂದರು. ನಾನು ಇನ್ನೊಂದು ಮಾತು ಹೇಳಿದೆ. ಈಗಾಗಲೇ ಹೋಗಿರುವ ರಿಪೋರ್ಟುಗಳನ್ನೆಲ್ಲ ಮತ್ತೆ ನೋಡಬೇಕು, ಸಿಸ್ಟರ್ ಹಿಡಿದದ್ದು ಒಂದು, ಹಿಡಿಯದ್ದು ಎಷ್ಟೋ. ಅವರು ಇಲ್ಲದ ತಲೆನೋವನ್ನು ಹೋಗಿ ತರಬೇಡ, ಸೋಮವಾರ ಸಹಿ ಇದೆ ಎಂದರು. ಕೆಟ್ಟವರೇನಲ್ಲ. ಅವರಿಗೆ ಆ ರೋಗಿಗಳು ಕಾಣುತ್ತಿರಲಿಲ್ಲ, ಅಷ್ಟೇ. ನಿಲ್ಲುವುದನ್ನು ನಾನು ತೆಗೆಯುವುದಿಲ್ಲ, ನಾಳೆ ಸಿಸ್ಟರಿಗೂ ಆರ್‌ಎಂಓಗೂ ಹೇಳುತ್ತೇನೆ ಎಂದು ಎದ್ದೆ. ಅವರು ಮುಖ ತಿರುಗಿಸಿಕೊಂಡು ಫೋನೆತ್ತಿದರು. ದಾದರ್ ಸೇತುವೆಯ ಮೇಲೆ ಅಷ್ಟು ಜನರ ನಡುವೆ ನಡೆಯುತ್ತಾ, ಈಗ ಆಫೀಸಿನಲ್ಲಿ ಕೂಡ ನನ್ನ ಪರವಾಗಿ ಯಾರೂ ಇಲ್ಲ ಎಂದುಕೊಂಡೆ.

ಶನಿವಾರ ಬೆಳಿಗ್ಗೆ ಆರ್‌ಎಂಓಗೆ ತಪ್ಪು ನನ್ನದು, ಲ್ಯಾಬಿನ ಹೆಂಗಸಿನದಲ್ಲ ಎಂದು ಬರೆದುಕೊಟ್ಟೆ. ಅವರು ಓದಿ, ಕನ್ನಡಕ ತೆಗೆದು, ಎಷ್ಟು ಜನ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಸಿಸ್ಟರ್ ರಜೆಯ ದಿನವಾದರೂ ಬಂದರು. ಪ್ರತಿ ದಾಖಲೆಯೊಳಗಿನ ರಿಪೋರ್ಟಿನ ಲ್ಯಾಬ್ ಸಂಖ್ಯೆಯನ್ನು ಲ್ಯಾಬಿನ ರಿಜಿಸ್ಟರಿನ ಕೇಸ್ ನಂಬರಿಗೆ ಹೋಲಿಸುತ್ತಾ ಹೋದೆವು. ನಾನು ಪರದೆಯಿಂದ ಓದುವುದು, ಅವರು ರಿಜಿಸ್ಟರಿನಲ್ಲಿ ಬೆರಳಿಟ್ಟು ಹೂಂ ಅನ್ನುವುದು. ಅಷ್ಟು ದಿನಗಳಲ್ಲಿ ನನ್ನ ಪಕ್ಕದಲ್ಲಿ ಒಬ್ಬರು ಕುಳಿತದ್ದು ಅದೇ ಮೊದಲು. ಮೂರು ಗಂಟೆಯ ಹೊತ್ತಿಗೆ ಅವರು ಹೂಂ ಅನ್ನಲಿಲ್ಲ.

ಗಂಡಸರ ವಾರ್ಡು, ಒಂಬತ್ತನೇ ಬೆಡ್. ಹತ್ತು ದಿನದ ಹಿಂದೆ ಬಂದವರು, ವಯಸ್ಸು ನಲವತ್ತಾರು, ಬಲಗಾಲಿನಲ್ಲಿ ವಾಸಿಯಾಗದ ಹುಣ್ಣು. ಅವರ ಡೈರೆಕ್ಟರಿಯಲ್ಲಿದ್ದ ಸಕ್ಕರೆಯ ರಿಪೋರ್ಟು ಅವರಿಗಿಂತ ಮುಂಚೆ ಆ ಬೆಡ್ಡಿನಲ್ಲಿದ್ದವರದು, ಏನೂ ತೊಂದರೆಯಿಲ್ಲದ ಸಂಖ್ಯೆ. ಅವರದೇ ರಿಪೋರ್ಟು ಮರುದಿನ ಬಂದಿತ್ತು. ಆಗಲೇ ಒಂದು ಸಕ್ಕರೆ ರಿಪೋರ್ಟು ಇದೆಯೆಂದು ಪ್ರೋಗ್ರಾಮು ಅದನ್ನು ಎರಡನೇ ಪ್ರತಿ ಎಂದು ಬದಿಗಿಟ್ಟಿತ್ತು. ಲ್ಯಾಬಿನವರು ಒಂದೇ ರಿಪೋರ್ಟನ್ನು ಎರಡೆರಡು ಸಲ ಕಳಿಸುತ್ತಾರೆಂದು ಆ ಸಾಲನ್ನು ಬರೆದವಳೂ ನಾನೇ. ಬದಿಗಿಟ್ಟ ಫೈಲನ್ನು ತೆರೆದೆ. ಮುನ್ನೂರ ಎಂಬತ್ತು. ಹುಣ್ಣು ತೊಳೆದು, ಪಟ್ಟಿ ಕಟ್ಟಿ, ಮಾತ್ರೆ ಬರೆದು ಅವರನ್ನು ಮೂರನೇ ದಿನ ಮನೆಗೆ ಕಳಿಸಿದ್ದರು.

ಸಿಸ್ಟರ್ ರಿಜಿಸ್ಟರ್ ಮುಚ್ಚಿದರು. ಸಕ್ಕರೆ ಇಷ್ಟಿದ್ದರೆ ಕಾಲು ಹೋಗುತ್ತದೆ, ಕೆಲವೊಮ್ಮೆ ಜೀವವೂ, ಎಂದು ಮೆಲ್ಲಗೆ ಹೇಳಿದರು. ಆಸ್ಪತ್ರೆಯಿಂದ ಕಾಗದ ಹಾಕಿದರೆ ಮುಟ್ಟಲು ಮೂರು ದಿನ. ವಿಳಾಸ ಆಂಟಾಪ್ ಹಿಲ್, ನನ್ನ ಹಾಸ್ಟೆಲಿಗೆ ದೂರವಲ್ಲ. ನಾನೇ ಹೋಗುತ್ತೇನೆ ಎಂದೆ.

ಅರ್ಧ ಗಂಟೆ ಬಿಲ್ಡಿಂಗ್ ಹುಡುಕಿದೆ. ಅಲ್ಲಿ ಎಲ್ಲವೂ ಒಂದೇ ಥರ, ಒಂದೇ ಬಣ್ಣ. ಕೊನೆಗೆ ಒಬ್ಬ ತಮಿಳು ಹೆಂಗಸು, ದಾದರಿನ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಕುಂಟು ಕಾಲಿನವರಾ ಎಂದು ಕೇಳಿ ನೆಲಮಹಡಿಯ ಬಾಗಿಲು ತೋರಿಸಿದರು. ಒಳಗೆ ಆ ಒಂಬತ್ತನೇ ಬೆಡ್ಡಿನವರು ಕಾಲನ್ನು ಎಣ್ಣೆ ಡಬ್ಬದ ಮೇಲೆ ಇಟ್ಟುಕೊಂಡು ಚಾಪೆಯ ಮೇಲೆ ಕುಳಿತಿದ್ದರು. ಕೋಣೆಯಲ್ಲಿ ಕೊಳೆತ ವಾಸನೆ. ಆಸ್ಪತ್ರೆಯಿಂದ ಬಂದಿದ್ದೇನೆ ಎಂದು ಹಿಂದಿಯಲ್ಲಿ ಶುರು ಮಾಡಿದೆ. ಗೋಡೆಯ ಮೇಲೆ ಕನ್ನಡ ಕ್ಯಾಲೆಂಡರ್ ಕಂಡು ಕನ್ನಡಕ್ಕೆ ಬಂದೆ. ಅವರ ಮುಖ ಅರಳಿಬಿಟ್ಟಿತು.

“ದವಾಖಾನಿಯಿಂದ ನೋಡಾಕ ಬಂದೀರೇನ್ರೀ? ಬರ್ರಿ, ಕುಂಡರ್ರಿ,” ಎಂದರು. “ಹದಿನೆಂಟ ವರ್ಷ ಆತು ಮುಂಬೈಗೆ ಬಂದು. ಹೆಂಡ್ತಿ ಮಕ್ಕಳು ವಿಜಾಪುರದ ಕಡೆ ಹಳ್ಯಾಗ ಅದಾರ. ಈ ಖೋಲಿಗಿ ಯಾರೂ ಹಿಂಗ ನೋಡಾಕ ಅಂತ ಬಂದಿಲ್ಲ.”

ಕುಂಟುತ್ತಲೇ ಎದ್ದು ಸ್ಟವ್ ಹಚ್ಚಲು ಹೊರಟರು. ಸಕ್ಕರೆ ಕಾಯಿಲೆ ಇಲ್ಲ ಎಂದು ಡಾಕ್ಟರ್ ಹೇಳಿದ ಮೇಲೆ ಧೈರ್ಯ ಬಂದಿದೆ, ಚಹಾಕ್ಕೆ ಬೇಕಾದಷ್ಟು ಸಕ್ಕರೆ ಹಾಕಿಕೊಂಡು ಕುಡಿಯುತ್ತಿದ್ದೇನೆ ಎಂದರು. ಬೇಡ, ಸ್ಟವ್ ಹಚ್ಚಬೇಡಿ ಎಂದೆ. ದಾರಿಯುದ್ದಕ್ಕೂ ಹೇಗೆ ಹೇಳಬೇಕೆಂದು ಯೋಚಿಸಿಕೊಂಡು ಬಂದದ್ದೆಲ್ಲ ಮರೆತುಹೋಯಿತು. ನಿಮಗೆ ಕೊಟ್ಟ ಚೀಟಿ ನಿಮ್ಮದಲ್ಲ, ಬೇರೆಯವರದು, ನಿಮಗೆ ಸಕ್ಕರೆ ಕಾಯಿಲೆ ಇದೆ, ತುಂಬಾ ಇದೆ, ಚೀಟಿ ಅದಲುಬದಲಾದದ್ದು ನಾನು ಬರೆದ ಪ್ರೋಗ್ರಾಮಿನಿಂದ, ಈಗಲೇ ನನ್ನ ಜೊತೆ ಆಸ್ಪತ್ರೆಗೆ ಬರಬೇಕು ಎಂದು ಒಂದೇ ಸಮನೆ ಹೇಳಿಬಿಟ್ಟೆ. ಅವರು ಬೆಂಕಿಕಡ್ಡಿ ಹಿಡಿದ ಕೈಯನ್ನು ಹಾಗೆಯೇ ಹಿಡಿದುಕೊಂಡು ನನ್ನನ್ನು ನೋಡಿದರು. ಆಮೇಲೆ ಗೂಟದಿಂದ ಅಂಗಿ ತೆಗೆದು ಹಾಕಿಕೊಂಡರು.

ಟ್ಯಾಕ್ಸಿ ಹಿಡಿದು ಹೊರಟೆವು. ಆಸ್ಪತ್ರೆಯಲ್ಲಿ ಸಿಸ್ಟರ್ ಗೇಟಿನಲ್ಲೇ ಕಾಯುತ್ತಿದ್ದರು. ಪಟ್ಟಿ ಬಿಚ್ಚಿದಾಗ ಎರಡು ಬೆರಳು ಕಪ್ಪಾಗಿದ್ದವು. ಅವನ್ನು ಈಗಲೇ ತೆಗೆದರೆ ಪಾದ ಉಳಿಯುತ್ತದೆ, ಇನ್ನೊಂದು ವಾರ ಕಳೆದಿದ್ದರೆ ಮೊಣಕಾಲಿನ ಮಾತಾಗುತ್ತಿತ್ತು ಎಂದು ಸರ್ಜನ್ ಹೇಳಿದರು. ಎರಡು ಬೆರಳು. ಹತ್ತು ದಿನ ಮುಂಚೆ ಆ ಚೀಟಿ ಸರಿಯಾಗಿ ಹೋಗಿದ್ದರೆ ಅವೂ ಇರುತ್ತಿದ್ದವು.

ಆಪರೇಷನ್ನಿನ ಒಪ್ಪಿಗೆಯ ಫಾರ್ಮಿಗೆ ರೋಗಿಯ ಸಹಿಯ ಜೊತೆ ಸಂಬಂಧಿಕರ ಸಹಿಯೂ ಬೇಕಿತ್ತು. ಊರಿನಿಂದ ಯಾರಾದರೂ ಬರಲು ಎರಡು ದಿನ. ಅಷ್ಟು ಕಾಯುವಂತಿಲ್ಲ ಎಂದು ಸರ್ಜನ್ ಹೇಳಿದರು. ಈ ಊರಿನಲ್ಲಿ ನಿಮ್ಮವರು ಯಾರೂ ಇಲ್ಲವೇ ಎಂದು ಕ್ಲರ್ಕ್ ಅವರನ್ನು ಎರಡು ಸಲ ಕೇಳಿದರು. ಸ್ಟ್ರೆಚರ್ ಮೇಲೆ ಮಲಗಿದ್ದ ಅವರು ಫಾರ್ಮನ್ನು ನನ್ನ ಕಡೆಗೆ ತಳ್ಳಿದರು. ನಾನು ಬೇಡ ಎಂದೆ. ನನ್ನ ಕೈಯಿಂದಲೇ ಆದದ್ದಕ್ಕೆ ನಾನು ಹೇಗೆ ಸಹಿ ಹಾಕಲಿ ಎಂದೆ. ಅವರು ಪೆನ್ನನ್ನೂ ನನ್ನ ಕೈಗೆ ಕೊಟ್ಟರು.

ಹೆಸರು ಬರೆದೆ, ಹಾಸ್ಟೆಲಿನ ವಿಳಾಸ ಬರೆದೆ. ರೋಗಿಗೆ ಏನಾಗಬೇಕು ಎಂಬ ಜಾಗಕ್ಕೆ ಬಂದು ಕೈ ನಿಂತಿತು. ಏನು ಬರೆಯಲಿ ಎಂದು ಅವರನ್ನೇ ಕೇಳಿದೆ.

“ತಂಗಿ ಅಂತ ಬರಿಯವ್ವಾ,” ಎಂದರು. “ತಪ್ಪ ಮಾಡಿದಾಕಿ ಅಂತ ಬರಿಯಾಕ ಅದರಾಗ ಜಾಗಾ ಇಲ್ಲಲ್ಲ.”

ತಂಗಿ ಎಂದು ಬರೆದು ಸಹಿ ಹಾಕಿದೆ.